ಬಳೆಗಾರ ಕಂಡಿದ್ದು, ಟೇಪು ಕಾಣದ್ದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರು ನರ್ಸ್‌ಗಳು, ಫಿಸಿಯೋಥೆರಪಿಯವರು, ನಮ್ಮ ಸ್ಕ್ಯಾನಿಂಗ್ ಗೆಳೆಯರು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಂಕುಳಿನ ಗ್ರಂಥಿ ತೆಗೆದು, ರೇಡಿಯೇಷನ್ ಕೊಟ್ಟ ಮೇಲೆ ಕೈ ಯಾಕೆ ಬಾತುಕೊಳ್ಳುತ್ತದೆ ಅಂತ ನಿಮಗೆ ಮತ್ತೆ ಹೇಳಬೇಕಿಲ್ಲ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಲಿಂಫಿಡೀಮಾ, ಅಂದರೆ ಲಿಂಫ್ ದ್ರವ ಹರಿದುಹೋಗದೆ ನಿಂತು ಆಗುವ ಬಾವು, ಬರುತ್ತದೆ. ಟೇಪಿಗೆ ಕಾಣದ್ದನ್ನು ಅಲ್ಟ್ರಾಸೌಂಡ್ ಹೇಗೆ ತೋರಿಸುತ್ತದೆ ಅನ್ನುವುದೇ ಇವತ್ತಿನ ಮಾತು. ಹಾಗಾಗಿ ಪೀಠಿಕೆ ಬಿಟ್ಟು ನಿಮ್ಮನ್ನು ಒಂದು ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಕರೆದುಕೊಂಡು ಹೋಗುತ್ತೇನೆ.

ಹಾವೇರಿ ಕಡೆಯ ಒಬ್ಬ ಅಮ್ಮ. ಬಲಗಡೆ ಆಪರೇಷನ್ ಆಗಿ ಒಂದೂವರೆ ವರ್ಷ. ಮಗಳ ಕುಬುಸಕ್ಕೆ ಬಳೆಗಾರ ಮನೆಗೇ ಬಂದಿದ್ದ. ಹಸಿರು ಗಾಜಿನ ಬಳೆ, ಮೊದಲು ಬಸುರಿ ಮಗಳಿಗೆ, ಆಮೇಲೆ ಮನೆಯ ಹೆಂಗಸರಿಗೆಲ್ಲ. ಅಮ್ಮನ ಎಡಗೈಗೆ ಎರಡು-ಆರರ ಬಳೆ ಸಲೀಸಾಗಿ ಇಳಿಯಿತು. ಬಲಗೈಯಲ್ಲಿ ಗೆಣ್ಣಿನ ಹತ್ತಿರವೇ ನಿಂತಿತು. ಕೈ ಹಿಂಡಿದ, ಸೋಪು ಹಚ್ಚಿದ. ಎರಡು ಬಳೆ ಒಡೆದವು. ಕೊನೆಗೆ ಎರಡು-ಎಂಟರದ್ದು ತೆಗೆದು ಏರಿಸುತ್ತಾ ಕೇಳಿದನಂತೆ, "ಯವ್ವಾ, ಹ್ವಾದ ವರ್ಸ ಎರಡೂ ಕೈಗೆ ಒಂದ ಅಳತಿ ಇತ್ತಲ್ಲ, ಈ ಕೈ ಯಾಕ ಬಾತೈತಿ?"

ಅಮ್ಮ ಗಾಬರಿಯಾಗಿ ಒಂದು ಕಡೆ ತೋರಿಸಿದರು. ಟೇಪು ಹಿಡಿದು ಅಳೆದರು. ವ್ಯತ್ಯಾಸ 1 ಸೆಂ.ಮೀ. "ಬಲಗೈ ಅಲ್ವಾ, ರೊಟ್ಟಿ ಬಡಿಯೋ ಕೈ, ಸ್ವಲ್ಪ ದಪ್ಪ ಇರುತ್ತೆ" ಅಂತ ಹೇಳಿ ಕಳಿಸಿದರು. ಲಿಂಫಿಡೀಮಾ ಅನ್ನಲು ರೂಢಿಯ ಬಾಗಿಲು ಎರಡು ಕೈಗಳ ನಡುವೆ 2 ಸೆಂ.ಮೀ. ವ್ಯತ್ಯಾಸ, ಇವರು ಅದರೊಳಗೆ ಬರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎರಡು-ಆರು ಅಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ಆರು ಭಾಗ. ಎರಡು-ಎಂಟು ಅಂದರೆ ಎರಡೂವರೆ ಇಂಚು. ಇದು ಅಡ್ಡಳತೆ. ಎರಡರ ವ್ಯತ್ಯಾಸವನ್ನು ಸುತ್ತಳತೆಗೆ ತಂದರೆ ಎಷ್ಟಾಯಿತು? ಹೆಚ್ಚುಕಡಿಮೆ 1 ಸೆಂ.ಮೀ. ಬಳೆಗಾರ ಹಿಡಿದಿದ್ದೂ ಅದನ್ನೇ, ಟೇಪು ತೋರಿಸಿದ್ದೂ ಅದನ್ನೇ. ಆದರೆ ಬಳೆಗಾರನ ಹತ್ತಿರ ಹೋದ ವರ್ಷದ ಅಳತೆ ಇತ್ತು. ನಮ್ಮ ಫೈಲಿನಲ್ಲಿ ಇರಲಿಲ್ಲ.

ಮೂರು ತಿಂಗಳಾದ ಮೇಲೆ ಬೇರೆ ಕಾರಣಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಅಂತ ಆ ಅಮ್ಮ ನನ್ನ ಹತ್ತಿರ ಬಂದರು. ಹೊಟ್ಟೆ ನೋಡಿ ಮುಗಿಸಿದೆ. ಅವರು ಏಳಲಿಲ್ಲ. "ಕೈ ಒಳಗ ಭಾರ ಅನಸ್ತದ್ರಿ ಡಾಕ್ಟರ್ರ" ಅಂದರು. ಹೊಟ್ಟೆಯ ಪ್ರೋಬ್ ಇಟ್ಟು ಲೀನಿಯರ್ ಪ್ರೋಬ್ ತೆಗೆದುಕೊಂಡೆ. ಥೈರಾಯ್ಡ್ ನೋಡುತ್ತೇವಲ್ಲ, ಅದೇ. ಎಡ ಮುಂಗೈ ಮೊದಲು. ಚರ್ಮ ತೆಳು ಬಿಳಿ ಪಟ್ಟಿ, ಕೆಳಗೆ ಕೊಬ್ಬು, ಎಲ್ಲ ಅಚ್ಚುಕಟ್ಟು. ಬಲ ಮುಂಗೈಗೆ ಅದೇ ಜಾಗಕ್ಕೆ ಇಟ್ಟೆ. ಚರ್ಮ ಎಡಗೈಯದರ ಒಂದೂವರೆ ಪಟ್ಟು ದಪ್ಪ. ಕೊಬ್ಬಿನ ನಡುವೆ ಕಪ್ಪು ಗೆರೆಗಳು, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳ ಬಿರುಕು ಬಿಟ್ಟ ಹಾಗೆ. ಆ ಬಿರುಕುಗಳಲ್ಲಿ ಇದ್ದದ್ದು ನೀರು.

ನಾನು ಎಲ್ಲಿ ಹೋದರೂ ಇದನ್ನೇ ಹೇಳುತ್ತೇನೆ: ಟೇಪು ಎಷ್ಟು ಅಂತ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ಇಬ್ಬರ ಕೈಯೂ 3 ಸೆಂ.ಮೀ. ದಪ್ಪ ಆಗಿರಬಹುದು. ಒಬ್ಬರಲ್ಲಿ ಅದು ನೀರು. ಬ್ಯಾಂಡೇಜು ಕಟ್ಟಿದರೆ, ಮಸಾಜು ಮಾಡಿದರೆ ಇಳಿಯುತ್ತದೆ. ಇನ್ನೊಬ್ಬರಲ್ಲಿ ಕೊಬ್ಬು ಬೆಳೆದು ನಾರುಗಟ್ಟಿದೆ. ಪರದೆಯಲ್ಲಿ ಅದು ಬೆಳ್ಳಗೆ, ಚರ್ಮ ಮತ್ತು ಕೊಬ್ಬಿನ ನಡುವಿನ ಗಡಿಯೇ ಮಸುಕು. ಅವರಿಗೆ ತಿಂಗಳುಗಟ್ಟಲೆ ಬ್ಯಾಂಡೇಜು ಬಿಗಿದು "ನೀವು ಸರಿಯಾಗಿ ಕಟ್ಟಿಕೊಳ್ಳುತ್ತಿಲ್ಲ" ಅಂತ ಬೈಯುವುದು ಅನ್ಯಾಯ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲೇ.

ಸ್ಕ್ಯಾನ್ ಮಾಡುವವರಿಗೆ ಒಂದು ಮಾತು. ಒತ್ತಬೇಡಿ! ನಮ್ಮ ಕೈಗೆ ಒತ್ತಿ ನೋಡುವ ಅಭ್ಯಾಸ. ಇಲ್ಲಿ ಒತ್ತಿದರೆ ನೀರು ಪಕ್ಕಕ್ಕೆ ಸರಿಯುತ್ತದೆ, ಚಿತ್ರ ಸುಳ್ಳು ಹೇಳುತ್ತದೆ. ಜೆಲ್ ಧಾರಾಳವಾಗಿ ಹಾಕಿ, ಪ್ರೋಬ್ ಅದರ ಮೇಲೆ ತೇಲುವ ಹಾಗಿರಲಿ. ಮೊಣಕೈ ಮಡಿಕೆಯಿಂದ ಕೆಳಗೆ 10 ಸೆಂ.ಮೀ., ಮೇಲೆ 10 ಸೆಂ.ಮೀ., ಎರಡೂ ಕೈ. ಪ್ರತಿ ಸಲ ಅದೇ ಜಾಗ, ಅದೇ ಭಂಗಿ.

ಆಮೇಲೆ, ಈ ಬಿರುಕಿನ ಚಿತ್ರ ಕಂಡ ಕೂಡಲೇ ಲಿಂಫಿಡೀಮಾ ಅಂತ ಬರೆದುಬಿಡಬೇಡಿ. ಸೋಂಕಿನಿಂದ ಕೈ ಕೆಂಪಾಗಿ ಬಾತರೂ ಹೀಗೇ ಕಾಣುತ್ತದೆ. ಎರಡು ದಿನದಲ್ಲಿ ದಿಢೀರ್ ಅಂತ ಬಾತು ನೋವಿದ್ದರೆ ಡಾಪ್ಲರ್ ಹಾಕಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯಾ ನೋಡಿ. ಕಂಕುಳನ್ನಂತೂ ಬಿಡಲೇಬೇಡಿ, ಕಾಯಿಲೆ ಮರಳಿ ಬಂದು ಗಂಟು ಒತ್ತುತ್ತಿರಬಹುದು. ಇಷ್ಟಕ್ಕೆಲ್ಲ ಒಂದೇ ಯಂತ್ರ ಸಾಕು, ರೇಡಿಯೇಷನ್ನೂ ಇಲ್ಲ.

ಫಿಸಿಯೋಥೆರಪಿಯವರು ಕೇಳುತ್ತೀರಿ, ನಮಗೇ ಒಂದು ಚಿಕ್ಕ ಮಷೀನು ಕೊಡಿಸಿ ಅಂತ. ನಮ್ಮಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ಇದೆ. ಮಷೀನು ನೋಂದಣಿ ಆಗಿರಬೇಕು, ಅರ್ಹತೆ ಇದ್ದವರೇ ಬಳಸಬೇಕು, ಬ್ಯಾಗಿಗೆ ಹಾಕಿಕೊಂಡು ಓಡಾಡುವ ಹಾಗಿಲ್ಲ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾಯ್ದೆ, ಅದು ಬೇಕೇ ಬೇಕು. ಹಾಗಾಗಿ ಹೆಜ್ಜೆ ಮುಂದಿಡಬೇಕಾದವರು ನಾವು, ರೇಡಿಯಾಲಜಿಯವರು. ಆಪರೇಷನ್ನಿಗೆ ಮೊದಲು ಸ್ತನ, ಕಂಕುಳು ಹೇಗೂ ಸ್ಕ್ಯಾನ್ ಮಾಡುತ್ತೇವಲ್ಲ? ಅದೇ ಮಂಚದ ಮೇಲೆ, ಅದೇ ಪ್ರೋಬಿನಲ್ಲಿ ಎರಡೂ ಕೈ ನೋಡಿ ನಾಲ್ಕು ಅಂಕಿ ಬರೆದಿಡಿ. ಐದು ನಿಮಿಷ ಜಾಸ್ತಿ ಆಗಬಹುದು. ಬಳೆಗಾರನ ತಲೆಯಲ್ಲಿದ್ದ ಹೋದ ವರ್ಷದ ಅಳತೆ ನಮ್ಮ ಫೈಲಿಗೆ ಬರುವುದು ಹೀಗೆ.

ಚೀಟಿ ಬಂತು, ಎರಡೇ ನಿಮಿಷ ಇದೆಯಂತೆ. ಅಂಗಾಂಶ ಎಷ್ಟು ಗಟ್ಟಿ ಅಂತ ಅಳೆಯುವ ಎಲಾಸ್ಟೋಗ್ರಫಿಯ ಸ್ಲೈಡು ಬಿಡುತ್ತೇನೆ. 70 ಮೆಗಾಹರ್ಟ್ಸ್ ಪ್ರೋಬಿನಲ್ಲಿ ಲಿಂಫ್ ನಾಳವನ್ನೇ ನೋಡಿ ಸರ್ಜನ್ನರು ಅದನ್ನು ರಕ್ತನಾಳಕ್ಕೆ ಜೋಡಿಸುವ ವಿಷಯವೂ ಇತ್ತು, ಚಹಾದ ಹೊತ್ತಿಗೆ ಸಿಗಿ, ಹೇಳುತ್ತೇನೆ.

ಕೊನೆಯ ಚಿತ್ರ ಹಾಕಿ. ಹಾಂ, ಇದೇ. ಮೇಲಿನದು ಆ ಅಮ್ಮನ ಬಲ ಮುಂಗೈ, ಮೊದಲ ದಿನದ್ದು. ಕೆಳಗಿನದು ನಾಲ್ಕು ತಿಂಗಳು ಬ್ಯಾಂಡೇಜು, ವ್ಯಾಯಾಮ, ತೋಳಿನ ಸ್ಲೀವು ಆದ ಮೇಲಿನದು. ಟೇಪಿನಲ್ಲಿ ಇಳಿದದ್ದು ಅರ್ಧ ಸೆಂ.ಮೀ. ಈಗ ಆ ಕಪ್ಪು ಗೆರೆಗಳನ್ನು ಹುಡುಕಿ. ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.