ಫೇಲ್‌ಸೇಫ್ ಕಿತ್ತುಹಾಕುವ ಮೊದಲು

ನಮಸ್ಕಾರ. ತುಮಕೂರಿನ ಹೊರವಲಯದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ರಿಮೋಟ್ ಕಾರು ಓಡಿಸುವ ಬಯಲಿನ ಅಂಚಿನಲ್ಲೇ ಹಳ್ಳಿಗೆ ಹೋಗುವ ಟಾರು ರಸ್ತೆಯೊಂದಿದೆ. ಸುಗ್ಗಿಯ ದಿನಗಳಲ್ಲಿ ಆ ರಸ್ತೆಯ ಮೇಲೆ ಹುರುಳಿ ಗಿಡ, ರಾಗಿ ತೆನೆ ಹರಡಿರುತ್ತಾರೆ. ಹೆಂಗಸರು ಮೊರ ಹಿಡಿದು ಕೇರುತ್ತಿರುತ್ತಾರೆ, ಮಕ್ಕಳು ಪಕ್ಕದಲ್ಲೇ ಆಡಿಕೊಂಡಿರುತ್ತಾರೆ. ಕಳೆದ ಸುಗ್ಗಿಯಲ್ಲಿ ನಮ್ಮ ಗುಂಪಿನ ಹುಡುಗನೊಬ್ಬನ ನೈಟ್ರೋ ಕಾರು (ದ್ರವ ಇಂಧನದ ಪುಟ್ಟ ಎಂಜಿನ್ನಿರುವುದು) ರಿಮೋಟಿಗೆ ಓಗೊಡದೆ, ಪೂರ್ತಿ ಥ್ರಾಟಲ್‌ನಲ್ಲಿ ಆ ರಸ್ತೆಯ ಕಡೆಗೇ ನುಗ್ಗಿ, ಹುರುಳಿಯ ಮೆದೆಗೆ ಬಡಿದು ಮಗುಚಿತು. ಮೆದೆಯ ಆಚೆ ಮೂರು ಮಾರು ದೂರದಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರಿಮೋಟಿನ ಸಿಗ್ನಲ್ ತಪ್ಪಿದಾಗ ಕಾರನ್ನು ನಿಲ್ಲಿಸುವ ಫೇಲ್‌ಸೇಫ್ ಎಂಬ ಪೆಟ್ಟಿಗೆಯನ್ನು ಆ ಕಾರಿನಿಂದ ಹಿಂದಿನ ವಾರವಷ್ಟೇ ಬಿಚ್ಚಿಡಲಾಗಿತ್ತು. "ಅಣ್ಣಾ, ಅದು ಇದ್ದರೆ ಕಾರು ನಡುನಡುವೆ ನಿಲ್ಲುತ್ತದೆ, ತೆಗೆದರೆ ಚೆನ್ನಾಗಿ ಓಡುತ್ತದೆ" ಎಂಬುದು ಅವನು ಕೊಟ್ಟ ಕಾರಣ.

ಇವತ್ತು ನಾನು ಮಾತನಾಡುವುದು ಆ ಕಾರಣದ ಬಗ್ಗೆಯೇ. ಫೇಲ್‌ಸೇಫ್ ಪದೇಪದೇ ಕಾರನ್ನು ನಿಲ್ಲಿಸುತ್ತಿದ್ದರೆ ಕೆಟ್ಟಿರುವುದು ಹೆಚ್ಚಿನ ಸಲ ಫೇಲ್‌ಸೇಫ್ ಅಲ್ಲ. ಬೇರೆಲ್ಲೋ ಇರುವ ದೋಷವನ್ನು ಅದು ಕಂಡುಹಿಡಿದಿರುತ್ತದೆ.

ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಪೆಟ್ಟಿಗೆ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ಗೂ ಥ್ರಾಟಲ್ ಸರ್ವೋಗೂ (ಪುಟ್ಟ ತೋಳೊಂದನ್ನು ತಿರುಗಿಸಿ ಥ್ರಾಟಲ್, ಬ್ರೇಕ್ ಎಳೆಯುವ ಚಿಕ್ಕ ಮೋಟಾರು) ನಡುವೆ ಕೂರುತ್ತದೆ. ಸಿಗ್ನಲ್ ತಪ್ಪಿದರೆ, ಅಥವಾ ಬ್ಯಾಟರಿಯ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ನಾವು ಮೊದಲೇ ಕಲಿಸಿಕೊಟ್ಟ, ಅಂದರೆ ಅದರ ನೆನಪಿನಲ್ಲಿ ಉಳಿಸಿಟ್ಟ, ಸ್ಥಾನಕ್ಕೆ ಅದು ಸರ್ವೋವನ್ನು ತಿರುಗಿಸುತ್ತದೆ. ಮೂರೂವರೆ ಕಿಲೋ ಆಸುಪಾಸಿನ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಪೆಟ್ಟಿಗೆಯ ಬೆಲೆ ತಿಳಿಯುತ್ತದೆ.

ಆ ಹುಡುಗನ ಕಾರನ್ನು ಅಂದೇ ಸಂಜೆ ಮೇಜಿನ ಮೇಲಿಟ್ಟು ನೋಡಿದೆ. ರಿಸೀವರ್‌ಗೆ ಕರೆಂಟು ಬರುತ್ತಿದ್ದುದು ನಾಲ್ಕು ಪೆನ್ಸಿಲ್ ಸೆಲ್ ಕೂರಿಸುವ ಪ್ಲಾಸ್ಟಿಕ್ ಪೆಟ್ಟಿಗೆಯಿಂದ. ಮಲ್ಟಿಮೀಟರ್ ಹಚ್ಚಿದರೆ 5.9 ವೋಲ್ಟ್ ತೋರಿಸಿತು. ನೋಡಿದವರು ಯಾರಾದರೂ ಬ್ಯಾಟರಿ ಸರಿಯಾಗಿದೆ ಎಂದೇ ಹೇಳುತ್ತಿದ್ದರು. ಸ್ಟೀರಿಂಗ್ ಅನ್ನು ಕೊನೆಯವರೆಗೆ ತಿರುಗಿಸಿ, ಚಕ್ರವನ್ನು ಕೈಯಿಂದ ಅದುಮಿ ಹಿಡಿದ ಕೂಡಲೇ ಅದು 4.1ಕ್ಕೆ ಕುಸಿಯಿತು. ಸೆಲ್‌ಗಳ ತುದಿಯ ಸ್ಪ್ರಿಂಗ್ ಒಂದು ಸಡಿಲವಾಗಿತ್ತು, ಸ್ವಿಚ್ಚಿನ ಕಾಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಅದರ ಮೇಲೆ ನಮ್ಮ ಬಯಲಿನ ಕೆಂಪು ದೂಳು. ಸ್ಟೀರಿಂಗ್ ಸರ್ವೋ ಜೋರಾಗಿ ಎಳೆದಾಗಲೆಲ್ಲ ವೋಲ್ಟೇಜ್ ಬೀಳುತ್ತಿತ್ತು, ಫೇಲ್‌ಸೇಫ್ ತನ್ನ ಕೆಲಸ ಮಾಡುತ್ತಿತ್ತು. ಆದ್ದರಿಂದ ಖಾಲಿ ನಿಂತ ಕಾರಿನ ವೋಲ್ಟೇಜ್ ಅಳೆದು ಸಮಾಧಾನಪಡಬೇಡಿ. ಸರ್ವೋಗೆ ಭಾರ ಬಿದ್ದಿರುವಾಗಲೇ ಅಳೆಯಿರಿ. ಪೆನ್ಸಿಲ್ ಸೆಲ್ಲಿನ ಪೆಟ್ಟಿಗೆಯ ಬದಲು ಬೆಸುಗೆ ಹಾಕಿದ ಐದು ಸೆಲ್ಲಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕಿದರೆ ಈ ತೊಂದರೆಯ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ದೋಷವಿದೆ, ಮತ್ತು ನನಗೆ ಹೆಚ್ಚು ಭಯವಿರುವುದು ಅದರ ಬಗ್ಗೆ. ಫೇಲ್‌ಸೇಫ್ ಪೆಟ್ಟಿಗೆ ಇದೆ, ಅದರ ದೀಪ ಉರಿಯುತ್ತಿದೆ, ಆದರೆ ರಿಮೋಟ್ ಆಫ್ ಮಾಡಿದರೂ ಥ್ರಾಟಲ್ ಇದ್ದಲ್ಲೇ ಇರುತ್ತದೆ. ಸರ್ವೋಗೆ ಪ್ರತಿ ಸೆಕೆಂಡಿಗೆ ಸುಮಾರು 50 ಸಲ ಒಂದರಿಂದ ಎರಡು ಮಿಲಿಸೆಕೆಂಡ್ ಅಗಲದ ಪಲ್ಸ್, ಅಂದರೆ ಕ್ಷಣಮಾತ್ರದ ವಿದ್ಯುತ್ ಸಂಕೇತ, ಹೋಗುತ್ತಿರುತ್ತದೆ. ಇಂದಿನ 2.4 ಗಿಗಾಹರ್ಟ್ಸ್ ರಿಸೀವರ್‌ಗಳಲ್ಲಿ ಹಲವಕ್ಕೆ ಸಿಗ್ನಲ್ ತಪ್ಪಿದಾಗ ಕೊನೆಯ ಪಲ್ಸನ್ನೇ ಕಳಿಸುತ್ತಿರುವ 'ಹೋಲ್ಡ್' ಎಂಬ ವ್ಯವಸ್ಥೆ ಇರುತ್ತದೆ. ರಿಸೀವರ್ ಹೋಲ್ಡ್‌ನಲ್ಲಿದ್ದರೆ ಹೊರಗಿನ ಫೇಲ್‌ಸೇಫ್‌ಗೆ ಪಲ್ಸ್ ಬರುತ್ತಲೇ ಇರುವುದರಿಂದ ಎಲ್ಲವೂ ಸರಿಯಾಗಿದೆ ಎಂದೇ ಅದು ಭಾವಿಸುತ್ತದೆ. ಅಂಥ ಕಡೆ ರಿಸೀವರ್‌ನೊಳಗಿನ ಫೇಲ್‌ಸೇಫನ್ನೇ ಕಲಿಸಿ ಬಳಸಬೇಕು.

ಕಲಿಸುವಾಗಲೂ ಎಡವುವವರನ್ನು ಕಂಡಿದ್ದೇನೆ. ಕೆಲವು ರಿಸೀವರ್‌ಗಳು ಬೈಂಡ್ ಮಾಡುವ, ಅಂದರೆ ರಿಮೋಟಿಗೆ ಜೋಡಿಸುವ, ಹೊತ್ತಿನಲ್ಲಿ ರಿಮೋಟಿನ ಥ್ರಾಟಲ್ ಟ್ರಿಗರ್ ಎಲ್ಲಿತ್ತೋ ಅದನ್ನೇ ಸುರಕ್ಷಿತ ಸ್ಥಾನವೆಂದು ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ರಿಮೋಟಿನಲ್ಲಿ ಥ್ರಾಟಲ್ ಚಾನೆಲನ್ನು ರಿವರ್ಸ್ ಮಾಡಿ (ಸರ್ವೋ ತಿರುಗುವ ದಿಕ್ಕನ್ನು ಅದಲುಬದಲು ಮಾಡಿ), ಸರ್ವೋ ತೋಳನ್ನು ಅದಕ್ಕೆ ಹೊಂದಿಸಿಕೊಂಡರೆ, ಬ್ರೇಕ್ ಎಂದು ಕಲಿಸಿದ್ದು ಥ್ರಾಟಲ್ ಆಗಿಬಿಡುತ್ತದೆ. ರಿವರ್ಸ್, ಟ್ರಿಮ್ (ನಡುಸ್ಥಾನದ ಸಣ್ಣ ಹೊಂದಾಣಿಕೆ), ಸರ್ವೋ ತೋಳು, ಯಾವುದನ್ನು ಮುಟ್ಟಿದರೂ ಮತ್ತೆ ಕಲಿಸಬೇಕು. ಪೂರ್ತಿ ಬ್ರೇಕ್ ಕಲಿಸಿದರೆ ಚಕ್ರ ಕಚ್ಚಿಕೊಂಡು ಕಾರು ಗಿರಕಿ ಹೊಡೆಯುವುದುಂಟು; ಅರೆಬ್ರೇಕ್ ಸಾಕು.

ಈ ಪೆಟ್ಟಿಗೆಯ ಮಿತಿಯನ್ನೂ ಹೇಳಲೇಬೇಕು. ಬ್ಯಾಟರಿಯ ತಂತಿಯೇ ಕಳಚಿಬಿದ್ದರೆ ಸರ್ವೋ ತಿರುಗಿಸಲು ಕರೆಂಟೇ ಇರುವುದಿಲ್ಲ. ಅದಕ್ಕಾಗಿಯೇ ಕಾರ್ಬುರೇಟರಿನ ತೋಳಿಗೆ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಹಾಕುವುದು. ಅದು ಕೆಲವೇ ರೂಪಾಯಿಯ ವಸ್ತು, ನಮ್ಮ ಬಯಲಿಗೆ ಬರುವ ಕಾರುಗಳಲ್ಲಿ ಅರ್ಧಕ್ಕರ್ಧ ಅದಿರುವುದಿಲ್ಲ. ಎಂಜಿನ್ನಿನ ಐಡಲ್ (ಥ್ರಾಟಲ್ ಒತ್ತದಿರುವಾಗಿನ ವೇಗ) ಹೆಚ್ಚಿಟ್ಟಿದ್ದರೆ ಥ್ರಾಟಲ್ ಮುಚ್ಚಿದರೂ ಕ್ಲಚ್ ಕಚ್ಚಿಕೊಂಡೇ ಇರುತ್ತದೆ, ಕಾರು ತೆವಳುತ್ತಲೇ ಇರುತ್ತದೆ. ಬ್ರಷ್ ಮೋಟಾರಿನ ಎಲೆಕ್ಟ್ರಿಕ್ ಕಾರಿನಲ್ಲಿ ಸ್ಪೀಡ್ ಕಂಟ್ರೋಲರಿನ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಮೋಟಾರು ಪೂರ್ತಿ ವೇಗದಲ್ಲಿ ತಿರುಗುತ್ತದೆ, ಆಗ ಬ್ಯಾಟರಿಯ ಪ್ಲಗ್ ಕೀಳುವುದೊಂದೇ ದಾರಿ. ಆ ಪ್ಲಗ್ ಬಾಡಿಯಡಿ ಹೂತುಹೋಗಿರದೆ ಕೈಗೆ ಸಿಗುವಂತಿರಲಿ.

ಪರೀಕ್ಷೆಗೆ ಎರಡು ನಿಮಿಷ ಹಿಡಿಯುತ್ತದೆ. ನೈಟ್ರೋ ಕಾರಾದರೆ ಎಂಜಿನ್ ಚಾಲೂ ಮಾಡದೆ, ಏರ್ ಫಿಲ್ಟರ್ ಬಿಚ್ಚಿ, ಅರ್ಧ ಥ್ರಾಟಲ್ ಒತ್ತಿ ಹಿಡಿದುಕೊಂಡೇ ರಿಮೋಟ್ ಆಫ್ ಮಾಡಿ; ಕಾರ್ಬುರೇಟರಿನ ಬಾಯಿ ಮುಚ್ಚಿಕೊಳ್ಳುವುದು ಕಣ್ಣಿಗೇ ಕಾಣಬೇಕು. ಎಲೆಕ್ಟ್ರಿಕ್ ಕಾರಾದರೆ ಚಕ್ರ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಟ್ಟು ಇದನ್ನೇ ಮಾಡಿ.

ಆ ಹುಡುಗ ಈಗ ಪೆಟ್ಟಿಗೆಯನ್ನು ಮತ್ತೆ ಕೂರಿಸಿದ್ದಾನೆ, ಹೊಸ ಪ್ಯಾಕ್ ಹಾಕಿದ್ದಾನೆ, ಕಾರು ನಡುವೆ ನಿಲ್ಲುತ್ತಿಲ್ಲ. ಟ್ರ್ಯಾಕಿನ ನೇರ ಓಟದ ಭಾಗ ರಸ್ತೆಗೆ ಎದುರಾಗಿತ್ತು. ಎಲ್ಲರೂ ಸೇರಿ ಅದನ್ನು ಬಂಡೆಯ ಕಡೆಗೆ ತಿರುಗಿಸಿದ್ದೇವೆ. ಯಾರ ಕಾರೇ ಆಗಲಿ, ನಮ್ಮ ಕಣ್ಣೆದುರು ಈ ಪರೀಕ್ಷೆಯಾಗದೆ ಬಯಲಿಗೆ ಇಳಿಸಲು ಬಿಡುತ್ತಿಲ್ಲ.