ಮನೆ ಮುಂದಿನ ಮೂರು ಚದರ ಮೀಟರ್

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಸಾಲುಮನೆಗಳಲ್ಲಿ ಸಂಸಾರ ಹೂಡಿರುವ ನಮ್ಮವರಿಗೆ ಒಂದು ಕೊರತೆ ಕಾಡುತ್ತಲೇ ಇರುತ್ತದೆ. ಮನೆಗೆ ಜಗಲಿ ಇಲ್ಲ. ಬಾಗಿಲು ತೆಗೆದರೆ ಎರಡು ಹೆಜ್ಜೆಗೇ ಮಹಡಿ ಮೆಟ್ಟಿಲು. ನವೆಂಬರ್ ಮಳೆಯಲ್ಲಿ ನೆನೆದು ಬಂದವರು ಬೂಟು ಎಲ್ಲಿ ಬಿಡಬೇಕು? ಮಗುವಿನ ತಳ್ಳುಗಾಡಿ ಎಲ್ಲಿ ನಿಲ್ಲಿಸಬೇಕು? ಅದಕ್ಕೇ ಬಹಳ ಜನ ಮುಂದೊಂದು ಪೋರ್ಚ್, ಅಂದರೆ ಮುಂಬಾಗಿಲಿನ ಹೊರಗೆ ಗೋಡೆ, ಬಾಗಿಲು ಇರುವ ಪುಟ್ಟ ಕೋಣೆ, ಕಟ್ಟಿಸುವ ಯೋಚನೆ ಮಾಡುತ್ತಾರೆ.

"ಪೋರ್ಚಿಗೆ ಪ್ಲಾನಿಂಗ್ ಪರ್ಮಿಷನ್ ಬೇಡ", ಅಂದರೆ ಕಟ್ಟಲು ಕೌನ್ಸಿಲಿನ (ಸ್ಥಳೀಯ ಆಡಳಿತದ) ಅನುಮತಿ ಬೇಡ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದು ಅರ್ಧ ನಿಜ. 2015ರ ಆದೇಶದಲ್ಲಿ ಸರ್ಕಾರವೇ ಎಲ್ಲರಿಗೂ ಮೊದಲೇ ಅನುಮತಿ ಕೊಟ್ಟಿದೆ, ಆದರೆ ಷರತ್ತಿನ ಮೇಲೆ. ಷರತ್ತು ಮೀರಿದರೆ ಆ ಅನುಮತಿಯೂ ಇಲ್ಲ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ನಿಯಮ. ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಇರುವವರು ಅಲ್ಲಿನದನ್ನು ನೋಡಿಕೊಳ್ಳಿ.

ಪೋರ್ಚಿನ ಯಾವ ಭಾಗವೂ ನೆಲದಿಂದ 3 ಮೀಟರಿಗಿಂತ ಎತ್ತರ ಇರಬಾರದು. ರಸ್ತೆ ಕಡೆಯ ಗಡಿಯಿಂದ 2 ಮೀಟರ್ ಜಾಗ ಬಿಡಬೇಕು. ರಸ್ತೆ ಅಂದರೆ ಕಾರು ಓಡಾಡುವುದು ಮಾತ್ರ ಅಲ್ಲ, ಪಕ್ಕದಲ್ಲಿ ಸಾರ್ವಜನಿಕ ಕಾಲುದಾರಿ ಇದ್ದರೆ ಅದೂ ಸೇರುತ್ತದೆ. ಮೂಲೆಮನೆಯವರು ಇದನ್ನು ಮರೆಯಬೇಡಿ.

ಇನ್ನು ಪೋರ್ಚಿನ ವಿಸ್ತೀರ್ಣ. ಅದು 3 ಚದರ ಮೀಟರ್ ಮೀರಬಾರದು, ಅಂದರೆ ಸುಮಾರು 32 ಚದರ ಅಡಿ. ಅಳತೆ ಹಿಡಿಯಬೇಕಾದದ್ದು ಹೊರಗಿನಿಂದ. ಹೆಚ್ಚಿನವರು ಎಡವುವುದು ಇಲ್ಲೇ. ಒಳಗೆ 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಇಟ್ಟುಕೊಂಡು, "ಸರಿಯಾಗಿ ಮೂರಾಯಿತು" ಅಂತ ಸಮಾಧಾನಪಡುತ್ತಾರೆ. ಮುಂದೆ ಮತ್ತು ಎರಡು ಬದಿಯ ಗೋಡೆ 30 ಸೆಂಟಿಮೀಟರ್ ದಪ್ಪ ಇದ್ದರೆ ಹೊರಗಿನ ಲೆಕ್ಕ 4.68ಕ್ಕೆ ಹೋಗುತ್ತದೆ! ಅದೇ 2 ಮೀಟರ್, ಒಂದೂವರೆ ಮೀಟರನ್ನು ಹೊರಗಿನಿಂದ ಹಿಡಿದು ಮೂರಕ್ಕೆ ನಿಲ್ಲಿಸಿದರೆ, ಅಂಥ ದಪ್ಪ ಗೋಡೆಯೊಳಗೆ ಉಳಿಯುವುದು 1.68 ಮಾತ್ರ. ತಳ್ಳುಗಾಡಿ ನಿಂತರೆ ಮನುಷ್ಯ ನಿಲ್ಲುವ ಹಾಗಿಲ್ಲ. ಗೋಡೆ 10 ಸೆಂಟಿಮೀಟರಿಗೆ ಇಳಿದರೆ ಒಳಗೆ ಎರಡೂವರೆ ಸಿಗುತ್ತದೆ. ಆದ್ದರಿಂದ ಬಿಲ್ಡರ್ ಜೊತೆ ಮೊದಲು ಗೋಡೆಯ ದಪ್ಪ ಮಾತಾಡಿ. ಟೈಲ್ಸ್ ಬಣ್ಣ ಆಮೇಲೆ.

ಫ್ಲ್ಯಾಟುಗಳಿಗೆ ಈ ಸವಲತ್ತು ಇಲ್ಲ. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಗೆ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ. ಕೆಲವು ಹೊಸ ಬಡಾವಣೆಗಳಲ್ಲಿ ಈ ಹಕ್ಕನ್ನೇ ತೆಗೆದುಹಾಕಿರುತ್ತಾರೆ, ಕೌನ್ಸಿಲಿನಲ್ಲಿ ವಿಚಾರಿಸಿ.

ಪ್ಲಾನಿಂಗ್ ಮುಗಿದರೂ ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ಹೇಗೆ ಕಟ್ಟಬೇಕು ಅನ್ನುವ ನಿಯಮಗಳು, ಅಂತ ಇನ್ನೊಂದಿದೆ. ಅದು ಬೇರೆಯೇ ಕಾಯ್ದೆ. ನೆಲಮಟ್ಟದ ಸಣ್ಣ ಪೋರ್ಚಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು, ಗಾಜು ಮತ್ತು ಕರೆಂಟಿನ ಕೆಲಸ ಮಾತ್ರ ನಿಯಮದಂತೆ ಇರಬೇಕು. ಆದರೆ ಮನೆಗೂ ಪೋರ್ಚಿಗೂ ನಡುವೆ ಹಳೆಯ ಮುಂಬಾಗಿಲು ಇದ್ದೇ ಇರಬೇಕು. "ಎರಡೆರಡು ಬಾಗಿಲು ಯಾಕೆ" ಅಂತ ಒಳಗಿನದನ್ನು ಕಿತ್ತರೆ ವಿನಾಯಿತಿ ಹೋಯಿತು. ಮನೆಯ ಬಿಸಿಯೂ ತೆಳು ಗೋಡೆಯ ಮೂಲಕ ಹೊರಗೆ ಹೋಗುತ್ತದೆ. ತೋರಣ ಕಟ್ಟಿದ ಹೊಸ್ತಿಲು ಅಲ್ಲೇ ಇರಲಿ, ಬೂಟು ಅದರಾಚೆ ಇರಲಿ. ನಮ್ಮ ಕಡೆಯ ಮನೆಗಳಲ್ಲೂ ಹೀಗೇ ಅಲ್ವಾ?

ನಿಯಮ ಮೀರಿ ಕಟ್ಟಿದರೆ ಕೌನ್ಸಿಲ್ ಕೆಡವಲು ಹೇಳಬಹುದು. ಹಿಂದೆ ನಾಲ್ಕು ವರ್ಷ ಕಳೆದರೆ ಕ್ರಮ ಕೈಗೊಳ್ಳುವಂತಿರಲಿಲ್ಲ. 2024ರ ಏಪ್ರಿಲ್ 25ರಿಂದೀಚೆಗೆ ಮುಗಿದ ಕೆಲಸಕ್ಕೆ ಆ ಅವಧಿ ಹತ್ತು ವರ್ಷ. ಎಲ್ಲಾ ನಿಯಮದೊಳಗೇ ಇದ್ದರೂ, ಕೌನ್ಸಿಲಿನಿಂದ ಕಾನೂನುಬದ್ಧತೆಯ ಪ್ರಮಾಣಪತ್ರ ಕೇಳಿ ಪಡೆಯಬಹುದು. ಕಡ್ಡಾಯ ಅಲ್ಲ, ಫೀಸು ಇದೆ. ಆದರೆ ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಪೋರ್ಚಿನ ಕಾಗದ ಕೇಳಿದರೆ, ತೆಗೆದುಕೊಡಲು ಅದು ಕೈಯಲ್ಲಿರುತ್ತದೆ.

ನಮಸ್ಕಾರ.