ಗೆಳೆಯರ ವಾಗ್ವಾದದಲ್ಲಿ ಸಿಕ್ಕ ಜಾಯ್ ಡಿವಿಷನ್

ಕೇಳುಗರಿಗೆ ನಮಸ್ಕಾರ.

ಒಬ್ಬರು ಹೊಗಳಬೇಕು, ಇನ್ನೊಬ್ಬರು ಅದನ್ನು ಅಲ್ಲಗಳೆಯಬೇಕು, ಆಗ ನನ್ನ ಕಿವಿ ಚುರುಕಾಗುತ್ತದೆ. ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ವಾದ್ಯತಂಡ ನನಗೆ ದಕ್ಕಿದ್ದು ಹಾಗೆಯೇ. 1979ರ ಜೂನ್‌ನಲ್ಲಿ ಬಂದ ಅವರ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’ ಬಗ್ಗೆ ನನ್ನ ಗೆಳೆಯರಲ್ಲಿ ಒಬ್ಬರ ಮಾತು ಒಬ್ಬರಿಗೆ ಆಗುತ್ತಿರಲಿಲ್ಲ. ಗಿಟಾರ್ ನುಡಿಸುವವನು, ‘ಗಿಟಾರನ್ನು ಬಾವಿಗೆ ಇಳಿಬಿಟ್ಟು ನುಡಿಸಿದಂತಿದೆ’ ಎಂದು ಕಡ್ಡಿ ಮುರಿದಂತೆ ಹೇಳಿದ. ಮೃದಂಗ ಕಲಿತ ಇನ್ನೊಬ್ಬ, ‘ಡ್ರಮ್ಸ್ ಮಾತ್ರ ಹಿಡಿದುಕೊಂಡು ಕೇಳು, ಉಳಿದದ್ದು ತಾನಾಗಿ ಬರುತ್ತದೆ’ ಎಂದ. ಮೂರನೆಯವಳಿಗೆ ಹಾಡುಗಾರನ ದನಿಯೊಂದೇ ಮುಖ್ಯ.

ಮೂವರ ಮಾತನ್ನೂ ತಲೆಯಲ್ಲಿಟ್ಟುಕೊಂಡು ಕೇಳಲು ಕುಳಿತೆ. ಆಮೇಲೆ ಈ ತಂಡದ ಕಥೆ ಓದುತ್ತಾ ಹೋದಾಗ ತಿಳಿದದ್ದೇನೆಂದರೆ, ನನ್ನ ಗೆಳೆಯರು ಹೂಡಿದ್ದ ವಾದ ಮೊದಲು ಶುರುವಾದದ್ದು ಆ ತಂಡದ ಒಳಗೇ.

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮವಿತ್ತು. ಸಭಾಂಗಣ ತುಂಬಿರಲಿಲ್ಲ. ಬಂದವರಲ್ಲಿ ಸಾಲ್ಫರ್ಡಿನ ಇಬ್ಬರು ಶಾಲಾ ಸ್ನೇಹಿತರಿದ್ದರು: ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್. ಇಷ್ಟು ಕಡಿಮೆ ವಿದ್ಯೆಯಲ್ಲಿ ವೇದಿಕೆ ಹತ್ತಬಹುದಾದರೆ ನಾವೇಕೆ ಹತ್ತಬಾರದು ಎಂದು ಅವರಿಗೆ ಅನ್ನಿಸಿತು. ಹುಕ್ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡರು. ಮುಂದೆ ಮ್ಯಾಕಲ್ಸ್‌ಫೀಲ್ಡ್ ಕಡೆಯ ಇಯಾನ್ ಕರ್ಟಿಸ್ ಹಾಡಲು ಬಂದರು, ಸ್ಟೀಫನ್ ಮಾರಿಸ್ ಡ್ರಮ್ಸ್‌ಗೆ ಕುಳಿತರು. ಮೊದಲು ವಾರ್ಸಾ ಎಂದಿದ್ದ ಹೆಸರು 1978ರಲ್ಲಿ ಜಾಯ್ ಡಿವಿಷನ್ ಆಯಿತು.

ಪಂಕ್ ಸಂಗೀತದಲ್ಲಿ ಸಿಟ್ಟಿತ್ತು, ವೇಗವಿತ್ತು, ಆಡಂಬರ ಇರಲಿಲ್ಲ. ಆ ನಿರಾಡಂಬರವನ್ನು ಇಟ್ಟುಕೊಂಡು, ಆತುರವನ್ನು ಬಿಟ್ಟು, ವಾದ್ಯ ವಾದ್ಯಗಳ ನಡುವೆ ಜಾಗ ಮಾಡಿಕೊಟ್ಟವರನ್ನು ಪೋಸ್ಟ್-ಪಂಕ್ ತಂಡಗಳು ಎನ್ನುತ್ತಾರೆ. ಆ ಜಾಗ ಎಷ್ಟಿರಬೇಕು ಎಂಬುದರ ಮೇಲೆಯೇ ಜಾಯ್ ಡಿವಿಷನ್‌ನಲ್ಲಿ ಭಿನ್ನಾಭಿಪ್ರಾಯ ಬಂದದ್ದು.

ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಆಲ್ಬಮ್ಮಿನ ಧ್ವನಿಮುದ್ರಣ ಮಾಡಿಸಿದವರು ನಿರ್ಮಾಪಕ ಮಾರ್ಟಿನ್ ಹ್ಯಾನೆಟ್. ಡ್ರಮ್ಸ್ ನುಡಿಸುವಾಗ ಒಂದರ ಸದ್ದು ಪಕ್ಕದ್ದರ ಮೈಕಿಗೆ ಸೋರುವುದು ಸಹಜ. ಹ್ಯಾನೆಟ್ ಅದನ್ನು ಸಹಿಸುತ್ತಿರಲಿಲ್ಲ. ಮಾರಿಸ್ ಒಂದೊಂದು ಡ್ರಮ್ಮನ್ನೂ ಬೇರೆ ಬೇರೆಯಾಗಿ ಬಾರಿಸಬೇಕಾಯಿತು. ಶಬ್ದವನ್ನು ಕ್ಷಣದ ಒಂದು ಚೂರಿನಷ್ಟು ತಡೆದು ಮತ್ತೆ ಕೇಳಿಸುವ ಡಿಜಿಟಲ್ ಡಿಲೇ ಯಂತ್ರವನ್ನೂ ಹ್ಯಾನೆಟ್ ಬಳಸಿದರು. ಒಂದು ಹಾಡಿನಲ್ಲಿ ಸ್ಟುಡಿಯೋದ ಲಿಫ್ಟಿನ ಸದ್ದಿದೆ, ಇನ್ನೊಂದರಲ್ಲಿ ಗಾಜು ಒಡೆಯುವುದು ಕೇಳಿಸುತ್ತದೆ. ವೇದಿಕೆಯ ಮೇಲೆ ಅಬ್ಬರಿಸುತ್ತಿದ್ದ ತಂಡ ರೆಕಾರ್ಡಿನಲ್ಲಿ ತಣ್ಣಗೆ, ದೂರದಿಂದ ಕೇಳಿಸಿತು. ಸಮ್ನರ್ ಮತ್ತು ಹುಕ್ ಇಬ್ಬರಿಗೂ ಅದು ಹಿಡಿಸಲಿಲ್ಲ. ನಮ್ಮ ಗಿಟಾರ್ ಗೆಳೆಯ ಹೇಳಿದ ಬಾವಿಯ ಮಾತನ್ನು ಕೇಳಿದ್ದರೆ ಅವರು ಅಂದು ತಲೆದೂಗುತ್ತಿದ್ದರೋ ಏನೋ. ಹ್ಯಾನೆಟ್ ಮಾಡಿದ್ದು ಒಳ್ಳೆಯ ಕೆಲಸ ಎಂದು ಹುಕ್ ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಹ್ಯಾನೆಟ್ ಪಕ್ಷ. ಆ ಜಾಗ ಇರುವುದರಿಂದಲೇ ಹುಕ್ ಅವರ ಬೇಸ್ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಸಾಮಾನ್ಯವಾಗಿ ಬೇಸ್ ಗಿಟಾರ್ ಕೆಳಗೆ, ತಳಪಾಯದಲ್ಲಿ ಇರುತ್ತದೆ. ಅಭ್ಯಾಸದ ಕೊಠಡಿಯಲ್ಲಿ ಸಮ್ನರ್ ಅವರ ಗಿಟಾರಿನ ಅಬ್ಬರದ ನಡುವೆ ಹುಕ್ ಅವರಿಗೆ ತಮ್ಮ ವಾದ್ಯವೇ ಕೇಳಿಸುತ್ತಿರಲಿಲ್ಲ. ಮೇಲಿನ ಸ್ವರಗಳಿಗೆ ಹೋದರೆ ಕೇಳಿಸುತ್ತಿತ್ತು. ಅಲ್ಲಿಯೇ ನಿಂತರು. ಹೀಗೆ ಬೇಸ್ ರಾಗ ಹಿಡಿಯಿತು, ಗಿಟಾರ್ ಅಲ್ಲಲ್ಲಿ ಕಿಡಿ ಹಾರಿಸಿತು. ನುಡಿಸುತ್ತಾ ಹೋಗುವಾಗ ಒಳ್ಳೆಯ ತುಣುಕು ಬಂದರೆ ಅದನ್ನು ಗುರುತಿಸಿ, ಅದನ್ನೇ ಬೆಳೆಸಿ ಎನ್ನುತ್ತಿದ್ದವರು ಯಾವ ವಾದ್ಯವನ್ನೂ ಹೆಚ್ಚಾಗಿ ನುಡಿಸದ ಕರ್ಟಿಸ್.

ಕರ್ಟಿಸ್ ವೃತ್ತಿಯಲ್ಲಿ ಉದ್ಯೋಗ ವಿನಿಮಯ ಕಚೇರಿಯ ನೌಕರರು. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವರ ಹೊಣೆ. ಅಲ್ಲಿಗೆ ಬರುತ್ತಿದ್ದ, ಮೂರ್ಛೆರೋಗವಿದ್ದ ಒಬ್ಬ ಯುವತಿಯನ್ನು ನೆನೆದು ಬರೆದದ್ದು ‘ಷೀಸ್ ಲಾಸ್ಟ್ ಕಂಟ್ರೋಲ್’. ಅದೇ ಕಾಯಿಲೆ ತಮಗೂ ಇದೆ ಎಂದು ಅವರಿಗೆ ತಿಳಿದದ್ದು ಆ ಹಾಡು ಹುಟ್ಟಿದ ನಂತರ, 1979ರ ಆರಂಭದಲ್ಲಿ. 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನಾದಿನ, 23ನೇ ವಯಸ್ಸಿನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು. ಈ ಸಾವನ್ನೇ ಮುಂದಿಟ್ಟುಕೊಂಡು ಪ್ರತಿ ಹಾಡನ್ನೂ ಮರಣಪತ್ರದಂತೆ ಓದುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದನಿಯನ್ನು ಮೆಚ್ಚಿದ ನನ್ನ ಗೆಳತಿ ತೋರಿಸಿಕೊಟ್ಟದ್ದು ಬೇರೆ: ಆ ಹಾಡಿನಲ್ಲಿ ಇನ್ನೊಬ್ಬರ ಸಂಕಟವನ್ನು ಪಕ್ಕದಲ್ಲೇ ನಿಂತು ನೋಡಿದವರ ಕಾಳಜಿ ಇದೆ. ಅದನ್ನು ಕೇಳಿಸಿಕೊಳ್ಳದೆ ಬಿಟ್ಟರೆ ಹಾಡಿಗೂ ಅನ್ಯಾಯ, ಬರೆದವರಿಗೂ ಅನ್ಯಾಯ.

ಆಲ್ಬಮ್ಮಿನ ಮುಖಪುಟವನ್ನು ಟೀ-ಶರ್ಟುಗಳ ಮೇಲೆ ನೀವೂ ನೋಡಿರಬಹುದು: ಕಪ್ಪು ಹಿನ್ನೆಲೆ, ಒಂದರ ಮೇಲೊಂದು ಬಿಳಿಯ ಅಲೆಗಳು. ಮುಖಪುಟದಲ್ಲಿ ತಂಡದ ಹೆಸರಿಲ್ಲ. ಅದು 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜೋಸೆಲಿನ್ ಬೆಲ್ ಪತ್ತೆ ಹಚ್ಚಿದ ಮೊದಲ ಪಲ್ಸಾರ್, ಅಂದರೆ ಲಯಬದ್ಧವಾಗಿ ಮಿಡಿಯುವ ನಕ್ಷತ್ರದಿಂದ ಬಂದ ರೇಡಿಯೋ ಅಲೆಗಳ ಚಿತ್ರ. ಖಗೋಳ ವಿಶ್ವಕೋಶವೊಂದರಲ್ಲಿ ಅದನ್ನು ಕಂಡು ಆರಿಸಿದವರು ತಂಡದವರೇ. ವಿನ್ಯಾಸ ಪೀಟರ್ ಸೇವಿಲ್ ಅವರದು.

ಕರ್ಟಿಸ್ ಹೋದ ಮೇಲೆ 1980ರ ಜುಲೈನಲ್ಲಿ ಎರಡನೆಯ ಆಲ್ಬಂ ‘ಕ್ಲೋಸರ್’ ಬಂತು. ಉಳಿದ ಮೂವರು ಹಳೆಯ ಹೆಸರನ್ನು ಕೈಬಿಟ್ಟು ನ್ಯೂ ಆರ್ಡರ್ ಆದರು, 1983ರ ‘ಬ್ಲೂ ಮಂಡೇ’ಯಿಂದ ಕುಣಿತದ ಅಂಗಳಗಳನ್ನೆಲ್ಲ ಗೆದ್ದರು. ಗಿಟಾರ್ ಗೆಳೆಯನಿಗೆ ಈಗ ನ್ಯೂ ಆರ್ಡರ್ ಎಂದರೆ ಪ್ರಾಣ. ಮೃದಂಗದವನು ‘ಕ್ಲೋಸರ್’ ಬಿಟ್ಟು ಕದಲುವುದಿಲ್ಲ. ನನ್ನನ್ನು ಕೇಳಿದರೆ, ಹೊಸಬರು ‘ಟ್ರಾನ್ಸ್‌ಮಿಷನ್’ ಹಾಡಿನಿಂದ ಆರಂಭಿಸಲಿ. ರೇಡಿಯೋ ಹಚ್ಚಿ ಕುಣಿಯಿರಿ ಎಂದು ಕರೆಯುವ ಹಾಡು ಅದು. ಮೊದಲು ಹುಕ್ ಅವರ ಬೇಸ್, ಹಿಂದೆಯೇ ಮಾರಿಸ್ ಅವರ ಡ್ರಮ್ಸ್. ಕರ್ಟಿಸ್ ತಗ್ಗಿದ ದನಿಯಲ್ಲಿ ಹಾಡಲು ತೊಡಗಿ ಕೊನೆಯ ಹೊತ್ತಿಗೆ ಗಂಟಲು ಹರಿಯುವಂತೆ ಕೂಗುತ್ತಾರೆ. ದನಿ ಸ್ವಲ್ಪ ಹೆಚ್ಚಿಸಿಕೊಂಡೇ ಕೇಳಿ. ನಮಸ್ಕಾರ.